ಮಿಂಬರಿನ ಎಡಪಕ್ಕ

ಫೆಬ್ರವರಿ 11

ಮಾವ,

ಫೋನ್ ಮಾಡೋಣವೆಂದರೆ ನಿಮಗೆ ಕೇಳಿಸುವುದಿಲ್ಲ, ಕಿರುಚಿ ಹೇಳಿದರೆ ನಿಮ್ಮೊಬ್ಬರನ್ನು ಬಿಟ್ಟು ಬೀದಿಗೆಲ್ಲ ಕೇಳಿಸುತ್ತದೆ. ಅದಕ್ಕೇ ಕಾಗದ. ನಿಮ್ಮ ಮಗನಿಗೂ ನನಗೂ ಕೋರ್ಟಿನಲ್ಲಿ ಮುಗಿದು ಎರಡು ವರ್ಷವಾಯಿತು. ನಿಮಗೂ ನನಗೂ ಏನೂ ಮುಗಿದಿಲ್ಲ ಎಂದುಕೊಂಡಿದ್ದೇನೆ. ಹಾಗಲ್ಲವೆಂದಾದರೆ ಇಲ್ಲಿಗೇ ಮಡಚಿಡಿ.

ಮಡಚಲಿಲ್ಲ ತಾನೆ? ಸರಿ, ವಿಷಯಕ್ಕೆ ಬರುತ್ತೇನೆ.

ಇಲ್ಲಿಯ ದೊಡ್ಡ ಮಸೀದಿಯ ಮಿಂಬರ್ ನಿಮಗೆ ನೆನಪಿರಬೇಕು. ಶುಕ್ರವಾರ ಖತೀಬರು ಹತ್ತಿ ನಿಂತು ಪ್ರವಚನ ಕೊಡುವ ಮರದ ಮೆಟ್ಟಿಲುಪೀಠ. ನೀವು ಮೀಸೆ ಚಿಗುರುವ ವಯಸ್ಸಿನಲ್ಲಿ ನಿಮ್ಮ ತಂದೆಯ ಜೊತೆ ಅದರ ಒಂದು ಪಕ್ಕ ಬಿಚ್ಚಿ ಜೋಡಿಸಿದ್ದಿರಂತೆ. ಈಗ ಎಡಪಕ್ಕ ಹೊಟ್ಟೆ ಬಿಟ್ಟಿದೆ. ಕೆಳಗಿನ ಮೂಲೆಯಲ್ಲಿ ನಾಲ್ಕೈದು ತುಂಡು ಕಳಚಿ ಬಿದ್ದಿವೆ, ಗುಡಿಸುವವರು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟಿದ್ದಾರೆ. ಕೆಲಸಕ್ಕೆ ಕಮಿಟಿಯವರು ಇಬ್ಬರನ್ನು ಕೇಳಿದ್ದಾರೆ. ಒಬ್ಬಳು ನಾನು. ಇನ್ನೊಬ್ಬರು ಯಾರೆಂದು ಹೇಳಬೇಕಾಗಿಲ್ಲ, ನಿಮ್ಮ ಜೊತೆಗೇ ಊಟಕ್ಕೆ ಕೂರುತ್ತಾರೆ.

ನಿಮ್ಮ ಮಗನ ಯೋಚನೆ ಹೀಗೆ: ಹಳೆಯ ತುಂಡುಗಳನ್ನೆಲ್ಲ ತೆಗೆದು ಗಾಜಿನ ಪೆಟ್ಟಿಗೆಯಲ್ಲಿ ಜೋಪಾನ ಮಾಡುವುದು; ಆ ಜಾಗಕ್ಕೆ ಪ್ಲೈವುಡ್ ಹಾಕಿ, ಯಂತ್ರದಲ್ಲಿ ಕತ್ತರಿಸಿದ ಅದೇ ನಮೂನೆಯ ಹೊಸ ನಕ್ಷತ್ರಗಳನ್ನು ಅಂಟಿಸುವುದು. ಎರಡೇ ವಾರದ ಕೆಲಸ. ನನ್ನದು: ಇದ್ದದ್ದನ್ನೇ ಬಿಚ್ಚಿ, ಸವೆದದ್ದನ್ನು ಮಾತ್ರ ಬದಲಿಸಿ, ಅಂಟು ಮೊಳೆ ಇಲ್ಲದೆ ಮತ್ತೆ ಕೂಡಿಸುವುದು. ಒಂದು ವರ್ಷ ಬೇಕು, ಏಕೆಂದರೆ ಪ್ರತಿ ಶುಕ್ರವಾರ ಮಧ್ಯಾಹ್ನಕ್ಕೆ ಮಿಂಬರ್ ತನ್ನ ಕಾಲ ಮೇಲೆ ನಿಂತಿರಲೇಬೇಕು. ಅಷ್ಟರೊಳಗೆ ಎಷ್ಟು ಮುಚ್ಚಬಹುದೋ ಅಷ್ಟೇ ಬಿಚ್ಚಬೇಕು.

ಕಮಿಟಿಯ ಅಧ್ಯಕ್ಷರಿಗೆ ಔಷಧಿ ಅಂಗಡಿಯಿದೆ. ಯಾವ ವಸ್ತು ಕೈಗೆ ಬಂದರೂ ತಿರುಗಿಸಿ ಎಕ್ಸ್‌ಪೈರಿ ತಾರೀಖು ಹುಡುಕುವ ಮನುಷ್ಯ. "ನೋಡಮ್ಮ, ಒಂದು ಮೂಲೆ ಮಾಡಿ ತೋರ್ಸು. ಮಳೆಗಾಲ ಬರ್ಲಿ, ಹೇಗಿರತ್ತೆ ನೋಡೋಣ. ಆಮೇಲೆ ನಿಮ್ಮ ಮಾವನವ್ರನ್ನೇ ಕರೆಸಿ ಕೇಳ್ತೀವಿ. ಅದರ ಒಳಗೆ ಏನಿದೆ ಅಂತ ನೋಡಿದೋರು ಅವ್ರೊಬ್ರೇ ಉಳಿದಿರೋದು" ಎಂದರು.

ಅಂದರೆ ಕೊನೆಗೆ ನಡೆಯುವುದು ನಿಮ್ಮ ಮಾತು. ನನಗೆ ಈ ಕೆಲಸ ಬೇಕು ಮಾವ. ನಿಮ್ಮ ಮನೆ ಬಿಟ್ಟ ಮೇಲೆ ಕಿಟಕಿ, ಮಂಚದ ಕಾಲು, ಶಾಲೆಯ ಬೆಂಚು, ಇಷ್ಟೇ ಮಾಡಿದ್ದೇನೆ. ಇದು ಕೈತಪ್ಪಿದರೆ ಇನ್ನು ಬೆಂಚಿನ ಕಾಲೇ ಗತಿ. ಆದರೂ ನನ್ನ ಪರವಾಗಿ ಮಾತಾಡಿ ಎಂದು ಕೇಳುತ್ತಿಲ್ಲ. ಎಲ್ಲಿಂದ ಬಿಚ್ಚಬೇಕು, ಅದಷ್ಟು ಹೇಳಿ. ಮುಂದೆ ಕೂತು ನೋಡಿ ನೋಡಿ ಕಣ್ಣು ಸೋತಿತು, ಉಳಿದ ಒಂದೊಂದು ತುಂಡೂ ಪಕ್ಕದ್ದನ್ನು ಕಚ್ಚಿಕೊಂಡು ಕೂತಿದೆ.

ಹಳೆಯ ಸೊಸೆ
(ಹೊಸಬಳು ಇನ್ನೂ ಬಂದಿಲ್ಲವಂತೆ, ಅಲ್ಲಿಯವರೆಗೆ ನಾನೇ)


ಫೆಬ್ರವರಿ 20

ಅಮ್ಮಾ,

ನಿನ್ನ ಕಾಗದ ಬಂದಾಗ ಅವನೂ ನಾನೂ ತಿಂಡಿಗೆ ಕೂತಿದ್ದೆವು. ಲಕೋಟೆಯ ಮೇಲಿನ ಅಕ್ಷರ ಯಾರದೆಂದು ಅವನಿಗೂ ಗೊತ್ತು. "ಏನಂತೆ?" ಎಂದ. "ಚೆನ್ನಾಗಿದ್ದಾಳಂತೆ" ಎಂದೆ. ಅರ್ಧ ತಟ್ಟೆ ಬಿಟ್ಟು ಎದ್ದು ಅಂಗಡಿಗೆ ಹೋದ. ಸ್ವಲ್ಪ ಹೊತ್ತಿಗೆ ಯಂತ್ರ ಶುರುವಾಯಿತು. ನನ್ನಂಥ ಕಿವುಡನಿಗೂ ಕೇಳಿಸುವ ಯಂತ್ರ ಅದು.

ಬಿಚ್ಚುವ ವಿಷಯ. ಬುಡದ ಸಾಲಿನಲ್ಲಿ ಗಾಳಿಪಟದ ಆಕಾರದ ತುಂಡುಗಳಿವೆ. ಎಲ್ಲ ತುಂಡಿಗೂ ಸುತ್ತ ತೆಳುವಾದ ನಾಲಿಗೆ ಇರುತ್ತದೆ, ಅದು ಸುತ್ತಲಿನ ಮರದ ಪಟ್ಟಿಯಲ್ಲಿ ಕೊರೆದ ತೋಡಿನೊಳಗೆ ಹೋಗಿ ಕೂರುತ್ತದೆ. ಗಾಳಿಪಟಗಳಲ್ಲಿ ಒಂದಕ್ಕೆ ಮಾತ್ರ ಕೆಳಗಡೆಯ ನಾಲಿಗೆ ಗಿಡ್ಡ. ಅದನ್ನು ಮೇಲಕ್ಕೆ ಒತ್ತಿದರೆ ಕೆಳಗಿನ ಅಂಚು ಬಿಟ್ಟುಕೊಳ್ಳುತ್ತದೆ. ಜೋಡಿಸಿದವನು ಕೊನೆಗೆ ಕೂರಿಸಿದ್ದು ಅದು, ನೀನು ಮೊದಲು ತೆಗೆಯಬೇಕಾದದ್ದೂ ಅದೇ. ನಾವು ಬಿಚ್ಚಿದ್ದು ಬಲಪಕ್ಕ, ಎಡಪಕ್ಕದಲ್ಲಿ ಅದು ಎಲ್ಲಿದೆಯೋ ನನಗೆ ಗೊತ್ತಿಲ್ಲ. ಒಂದೊಂದನ್ನೂ ಹೆಬ್ಬೆರಳಲ್ಲಿ ಒತ್ತಿ ನೋಡು. ಬಡಿಯಲು ಕೊಡತಿ ಮುಟ್ಟಿದರೆ ಕೈ ಮುರಿಯುತ್ತೇನೆ.

ಕಮಿಟಿಯ ಕಾಗದ ನನಗೂ ಬಂತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ಆ ಔಷಧಿ ಅಂಗಡಿಯವರಿಗೆ ತಿಳಿಯದೇನು? ನನ್ನನ್ನು ಯಾಕೆ ಅಡಕತ್ತರಿಯಲ್ಲಿ ಇಡುತ್ತಾರೋ. ಕರೆದಾಗ ಬರುತ್ತೇನೆ, ಕಣ್ಣಿಗೆ ಕಂಡದ್ದು ಹೇಳುತ್ತೇನೆ. ಅಲ್ಲಿಯವರೆಗೆ ಅವನ ಕೆಲಸದ ಬಗ್ಗೆ ಅವನ ಹತ್ತಿರ ಮಾತಿಲ್ಲ, ನಿನ್ನ ಕೆಲಸದ ಬಗ್ಗೆ ನಿನ್ನ ಹತ್ತಿರ ಮಾತಿಲ್ಲ. ಇಷ್ಟು ಹೇಳಿದ್ದೇ ಹೆಚ್ಚಾಯಿತು. ಅವನು ಕೇಳಿದ್ದರೆ ಅವನಿಗೂ ಹೇಳುತ್ತಿದ್ದೆ. ಅವನು ಕೇಳಲಿಲ್ಲ.

ಮಾವ


ಮಾರ್ಚ್ 6

ಮಾವ,

ಸಿಕ್ಕಿತು! ಮೂಲೆಯಿಂದ ಮೂರನೆಯ ಗಾಳಿಪಟ. ಒತ್ತಿದ ಕೂಡಲೇ ಬಾಗಿಲ ಚಿಲಕ ಸರಿದಂತೆ ಮೇಲೆ ಹೋಯಿತು, ಹೊರಗೆ ಬಂತು. ಅದರ ಹಿಂದೆಯೇ ಉಳಿದವೂ ಬಂದವು. ಖುಷಿಗೆ ಒಬ್ಬಳೇ ನಕ್ಕೆ. ಪಕ್ಕದಲ್ಲಿ ಚಾಪೆ ಕೊಡವುತ್ತಿದ್ದವರು ಏನಾಯಿತೆಂದು ಬಂದು ನೋಡಿದರು.

ಬೆರಗಿನ ಕೆಲಸ ಮಾವ. ನಕ್ಷತ್ರಕ್ಕೆ ಅಕ್ರೋಟ್ ಮರ, ನಾರು ನೆಟ್ಟಗೆ ಮೇಲಕ್ಕೆ. ಸುತ್ತಲಿನ ಪಟ್ಟಿಗೆ ಇನ್ನೊಂದು ಮರ, ನಾರು ಅಡ್ಡ. ಒಂದು ಬಾಗಿದರೆ ಇನ್ನೊಂದು ಬಿಡುವುದಿಲ್ಲ. ಹತ್ತು ಮೂಲೆಯ ನಕ್ಷತ್ರ ನಡುವಿನಲ್ಲಿ, ಅದರಿಂದ ಹೊರಟ ಗೆರೆಗಳು ಎಲ್ಲಿಯೂ ಮುಗಿಯುವುದಿಲ್ಲ. ಚೌಕಟ್ಟಿನ ಹತ್ತಿರ ನಕ್ಷತ್ರಗಳು ಅರ್ಧಕ್ಕೇ ಕತ್ತರಿಸಿದಂತಿವೆ, ಇನ್ನರ್ಧ ಗೋಡೆಯೊಳಗೆ ಮುಂದುವರಿದಿದೆಯೇನೋ ಎನ್ನಿಸುತ್ತದೆ. ಮೆಟ್ಟಿಲ ಇಳಿಜಾರಿಗೆ ಸರಿಯಾಗಿ ಇಡೀ ಪಕ್ಕ ಮುಕ್ಕೋನ. ಆ ಮುಕ್ಕೋನದ ಚೂಪಿನಲ್ಲೂ ನಮೂನೆ ಕೆಟ್ಟಿಲ್ಲ. ಕಾಗದದ ಮೇಲೆ ಎಳೆಯಲು ಹೋಗಿ ನಾನು ಎರಡು ಸಲ ದಾರಿ ತಪ್ಪಿದೆ.

ಒಂದೇ ಕೊರತೆಯೆಂದರೆ ಸಡಿಲು. ತುಂಡುಗಳು ತೋಡಿನೊಳಗೆ ಮುದುಕರ ಹಲ್ಲಿನ ಹಾಗೆ ಆಡುತ್ತಿದ್ದವು. ಎಷ್ಟು ಕಾಲ ಸವೆದಿವೆಯೋ. ಆ ಮೂಲೆಯ ಹಳೆಯ ಪಟ್ಟಿಗಳನ್ನು ತೆಗೆದು ಹೊಸದು ಮಾಡಿ ಹಾಕಿದೆ. ಈಗ ಒಂದು ಕೂದಲೂ ತೂರುವುದಿಲ್ಲ. ಶುಕ್ರವಾರ ಖತೀಬರು ಹತ್ತಿದಾಗ ಆ ಕಡೆಯಿಂದ ಒಂದು ಸದ್ದಿಲ್ಲ. ಅವರು ಯಾವಾಗಲೂ ಪ್ರವಾದಿಯವರ ಗೌರವಕ್ಕೆಂದು ಮೇಲಿನ ಮೆಟ್ಟಿಲು ಖಾಲಿ ಬಿಟ್ಟು ಕೆಳಗೇ ನಿಲ್ಲುತ್ತಾರೆ. "ಇಷ್ಟು ಗಟ್ಟಿ ಇದೆ ಅಂದ್ರೆ ಮೇಲಕ್ಕೇ ಹತ್ತಿಬಿಡೋಣ ಅನ್ಸತ್ತೆ" ಎಂದು ಆಮೇಲೆ ನನ್ನ ಹತ್ತಿರ ತಮಾಷೆ ಮಾಡಿದರು. ಅಧ್ಯಕ್ಷರು ಬಗ್ಗಿ ನೋಡಿ "ಹೊಸದರ ಹಾಗಿದೆ" ಎಂದರು.

ನಿಮಗಲ್ಲದೆ ಇನ್ನಾರಿಗೆ ಹೇಳಲಿ. ಹೆಮ್ಮೆಯಾಗಿದೆ.

ಸೊಸೆ


ಮಾರ್ಚ್ 17

ಅಮ್ಮಾ,

ಕಾಗದ ತಲುಪಿತು. ಸಂತೋಷ. ನನಗೆ ಸ್ವಲ್ಪ ಕೆಮ್ಮು, ಅದೇ ಧೂಳಿನ ಕೆಮ್ಮು. ಮೇಲಿನ ಮನೆಯವರು ಹೊಸ ಕುರ್ಚಿ ತಂದಿದ್ದಾರೆ, ನಾಲ್ಕು ಕಾಲಿಗೂ ನಾಲ್ಕು ಅಭಿಪ್ರಾಯ.

ಆ ಹೊಸ ಪಟ್ಟಿಗೆ ಯಾವ ಮರ ಹಾಕಿದೆ? ಎಲ್ಲಿ ಒಣಗಿಸಿದೆ?

ಮಾವ


ಮಾರ್ಚ್ 25

ಮಾವ,

ಮರ ಹಳೆಯದೇ, ಒಡೆದ ಮನೆಯೊಂದರ ಬಾಗಿಲಿನದು. ಬೇಕರಿಯವರ ಒಲೆಯ ಹಿಂದಿನ ಕೋಣೆಯಲ್ಲಿ ಇಟ್ಟು ಒಣಗಿಸಿದೆ. ಮೂಳೆಯ ಹಾಗಿದೆ, ಬಡಿದರೆ ಠಣ್ ಎನ್ನುತ್ತದೆ. ಅದರ ಚಿಂತೆ ಬಿಡಿ, ಹಸಿ ಮರ ಹಾಕುವಷ್ಟು ದಡ್ಡಿಯಾಗಿ ನೀವು ನನ್ನನ್ನು ಬೆಳೆಸಿಲ್ಲ.

ಕೆಮ್ಮಿಗೆ ಬಿಸಿನೀರು ಕುಡಿಯಿರಿ. ಅಂಗಡಿಯ ಬಾಗಿಲಲ್ಲಿ ಕೂರಬೇಡಿ.

ಸೊಸೆ


ಜುಲೈ 2

ಮಾವ,

ಮಳೆ ಹಿಡಿದು ಎಷ್ಟೋ ದಿನವಾಯಿತು, ಬಟ್ಟೆ ಒಣಗುತ್ತಿಲ್ಲ. ಕಳೆದ ಶುಕ್ರವಾರ ಪ್ರವಚನದ ನಡುವೆ ಮಿಂಬರಿನ ಎಡಗಡೆಯಿಂದ ಕಟ್ಟಿಗೆ ಮುರಿದಂಥ ಸದ್ದು ಬಂತಂತೆ. ಖತೀಬರು ಒಂದು ಕ್ಷಣ ನಿಲ್ಲಿಸಿ ಮುಂದುವರಿಸಿದರಂತೆ. ನಾನು ಹೋಗಿ ನೋಡಿದೆ. ಬುಡದ ಚೌಕಟ್ಟು ಸೀಳಿದೆ. ನಾನು ಮಾಡಿದ ಹೊಸ ಪಟ್ಟಿಯಲ್ಲ, ಮೂಲ ಚೌಕಟ್ಟು. ಇಷ್ಟು ತಲೆಮಾರು ಬಾಳಿದ ಮರ ನನ್ನ ಕೈಯಲ್ಲಿ ನಾಲ್ಕು ತಿಂಗಳು ಬಾಳಲಿಲ್ಲ.

ಮೊದಲು ಮಳೆಯನ್ನು ಬೈದೆ. ಆಮೇಲೆ ಮರವನ್ನು ಬೈದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಹಾಗೆ. ಎಲ್ಲ ಬೈದು ಮುಗಿದ ಮೇಲೆ ಅರ್ಥವಾಯಿತು. ಆ ಸಡಿಲು ಸವೆತವಲ್ಲ. ಅದನ್ನು ಮಾಡಿದವನು ಬೇಕೆಂದೇ ಬಿಟ್ಟ ಜಾಗ, ಮಳೆಗಾಲದಲ್ಲಿ ಮರ ಉಬ್ಬಿದಾಗ ಸರಿದುಕೊಳ್ಳಲಿ ಎಂದು. ನಾನು ಒಲೆಯ ಹಿಂದೆ ಒಣಗಿಸಿ ಕುಗ್ಗಿದ ಮರವನ್ನು ಬಿಸಿಲುಗಾಲದಲ್ಲಿ ಬಿಗಿಯಾಗಿ ಕೂರಿಸಿದೆ. ಅದು ಉಬ್ಬಿತು, ಹೋಗಲು ಜಾಗವಿರಲಿಲ್ಲ, ಚೌಕಟ್ಟನ್ನೇ ಒಡೆಯಿತು. ಕೂದಲು ತೂರುವುದಿಲ್ಲ ಎಂದು ಮೆರೆದವಳಿಗೆ ಈಗ ಆ ಸೀಳಿನಲ್ಲಿ ಉಗುರು ತೂರುತ್ತದೆ.

ತಪ್ಪು ನನ್ನದು. ಆದರೆ ನಿಮ್ಮ ಮಾರ್ಚ್ ತಿಂಗಳ ಕಾಗದ ತೆಗೆದು ಮತ್ತೆ ಓದಿದೆ. ಯಾವ ಮರ, ಎಲ್ಲಿ ಒಣಗಿಸಿದೆ ಎಂದು ಕೇಳಿದ್ದೀರಿ. ನಾನು ಉತ್ತರ ಬರೆದ ಮೇಲೆ ಒಂದಕ್ಷರ ಬರೆಯಲಿಲ್ಲ. ನಿಮಗೆ ಗೊತ್ತಿತ್ತು ಮಾವ. ಮಳೆ ಬರುವವರೆಗೆ ಸಮಯವಿತ್ತು, ಒಂದು ವಾರದಲ್ಲಿ ಬಿಚ್ಚಿ ಸರಿ ಮಾಡುತ್ತಿದ್ದೆ. ನನಗೆ ಉಳಿ ಹಿಡಿಯಲು ಕಲಿಸಿದವರು ನೀವು. ನಾನು ಗುಂಡಿಗೆ ಬೀಳುವುದನ್ನು ಕೂತು ನೋಡಿದಿರಿ. ತುಂಬ ಸಿಟ್ಟು ಬಂದಿದೆ. ಸಿಟ್ಟಿಗಿಂತ ಹೆಚ್ಚು ಅಳು ಬಂದಿದೆ.

ನಿಮ್ಮ ಮಗ ಬಂದು ನೋಡಿ ಹೋದರು. ಸೀಳಿನ ಉದ್ದಕ್ಕೆ ಬೆರಳಾಡಿಸಿದರು, ಅಧ್ಯಕ್ಷರ ಹತ್ತಿರ ಏನೂ ಹೇಳಲಿಲ್ಲ. ನನ್ನ ಹತ್ತಿರ "ಊಟ ಆಯ್ತಾ?" ಎಂದರು. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು.

ಸೊಸೆ


ಜುಲೈ 10

ಅಮ್ಮಾ,

ಹೌದು, ಗೊತ್ತಿತ್ತು. ಕೂದಲು ತೂರುವುದಿಲ್ಲ ಎಂದು ನೀನು ಬರೆದ ದಿನವೇ ಅನುಮಾನ ಬಂತು. ಬೇಕರಿಯ ಒಲೆ ಎಂದು ಓದಿದಾಗ ಇನ್ನು ಇದು ಉಳಿಯುವುದಿಲ್ಲ ಎಂದುಕೊಂಡೆ. ಕಾಗದ ಪೆನ್ನು ತೆಗೆದುಕೊಂಡು ಕೂತೆ. ಆಚೆ ಕೋಣೆಯಲ್ಲಿ ಅವನು ಕೂತಿದ್ದ. ಹೇಳಿದರೆ ಅವನ ಅನ್ನ ತಿಂದು ಅವನ ಕೆಲಸ ನಿನಗೆ ಕೊಡಿಸಿದಂತೆ. ಹೇಳದಿದ್ದರೆ ನಿನಗೆ ಮೋಸ. ಎರಡೂ ಬೇಡವೆಂದು, ಮೊದಲೇ ಒಂದು ಪ್ರಶ್ನೆ ಕೇಳಿದ್ದೇನಲ್ಲ ಎಂದು ಪೆನ್ನು ಕೆಳಗಿಟ್ಟು ಕೈ ತೊಳೆದುಕೊಂಡೆ. ನ್ಯಾಯವಾಗಿದ್ದೇನೆ ಎಂದುಕೊಂಡಿದ್ದೆ. ನ್ಯಾಯವಲ್ಲ ಅದು, ಹೇಡಿತನ.

ನಾನು ಇಬ್ಬರ ನಡುವೆ ಸುಮ್ಮನೆ ಕೂತದ್ದಕ್ಕೆ ಸೀಳಿದ್ದು ಬಾಯಿಲ್ಲದ ಆ ಮರ. ಅದಕ್ಕೂ ನಿನಗೂ ಏನು ಹೇಳಲಿ.

ಇಪ್ಪತ್ತನೆಯ ತಾರೀಖು ಕಮಿಟಿಯವರು ಕರೆದಿದ್ದಾರೆ. ಬರುತ್ತೇನೆ. ನಿನ್ನ ತಪ್ಪನ್ನು ತಪ್ಪೆಂದೇ ಹೇಳುತ್ತೇನೆ, ಅದಕ್ಕೆ ತಯಾರಾಗಿರು.

ಮಾವ


ಜುಲೈ 22

ಮಗನೇ,

ನಿನಗೆ ನಾನು ಕಾಗದ ಬರೆಯುತ್ತಿರುವುದು ಇದೇ ಮೊದಲು. ಒಂದೇ ಮನೆಯಲ್ಲಿದ್ದವರಿಗೆ ಯಾಕೆ ಬೇಕಿತ್ತು? ಎರಡು ದಿನಕ್ಕೆಂದು ಬಂದವನು ಮಸೀದಿಯ ಹಿಂದಿನ ಅತಿಥಿ ಕೋಣೆಯಲ್ಲೇ ಉಳಿದಿದ್ದೇನೆ. ಕೆಲಸ ನಿನಗೆ ಸಿಗಲಿಲ್ಲವೆಂದು ಅಧ್ಯಕ್ಷರು ಫೋನಿನಲ್ಲಿ ಹೇಳಿರುತ್ತಾರೆ. ಯಾಕೆಂದು ನನ್ನಿಂದಲೇ ತಿಳಿಯಲಿ.

ಅವತ್ತು ಕಮಿಟಿಯವರೆಲ್ಲ ಮಿಂಬರಿನ ಮುಂದೆ ಕೂತಿದ್ದರು. ನಿನ್ನ ಹೆಂಡತಿ, ಹಳೆಯ ಹೆಂಡತಿ, ಕಂಬದ ಪಕ್ಕ ನಿಂತಿದ್ದಳು. ನಾನು ಮಂಡಿಯೂರಿ ಸೀಳು ನೋಡಿದೆ. ಎದ್ದು ಹೇಳಿದೆ: "ಇದು ಇವಳ ತಪ್ಪು. ಬಿಗಿ ಜಾಸ್ತಿ ಆಗಿದೆ. ಬಿಗಿ ಇರೋದೇ ಒಳ್ಳೆ ಕೆಲಸ ಅಂತ ತಿಳ್ಕೊಂಡ್ಳು." ಅವಳು ತಲೆ ತಗ್ಗಿಸಲಿಲ್ಲ, ಹೌದೆಂಬಂತೆ ಕತ್ತು ಆಡಿಸಿದಳು.

ಆಮೇಲೆ ನಿನ್ನದು ಕೇಳಿದರು. ನಾನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ನನ್ನ ಮಗನ ಯಂತ್ರ ಸುಳ್ಳು ಹೇಳೋದಿಲ್ಲ, ಅಳತೆ ಕೂದಲಷ್ಟೂ ತಪ್ಪೋದಿಲ್ಲ. ಆದ್ರೆ ನಕ್ಷತ್ರಗಳನ್ನ ಪ್ಲೈವುಡ್ಡಿಗೆ ಅಂಟಿಸಿದ್ರೆ ಒಂದಕ್ಕೂ ಅಲ್ಲಾಡೋಕೆ ಜಾಗ ಇರೋದಿಲ್ಲ. ಅವಳು ಒಂದು ಮೂಲೇಲಿ ಮಾಡಿದ್ದನ್ನ ಅವನು ಇಡೀ ಪಕ್ಕಕ್ಕೆ ಮಾಡ್ತಾನೆ. ಇಲ್ಲಿ ಚೌಕಟ್ಟೊಂದು ಹೋಯ್ತು, ಅಲ್ಲಿ ನಕ್ಷತ್ರಗಳೇ ಬಿರೀತವೆ."

ಅಧ್ಯಕ್ಷರಿಗೆ ತಲೆ ಕೆಟ್ಟಿತು. "ಹಾಗಾದ್ರೆ ಯಜಮಾನ್ರೇ, ಇಬ್ರದ್ದೂ ತಪ್ಪು ಅಂದ್ಮೇಲೆ ಯಾರಿಗೆ ಕೊಡೋಣ?" ಎಂದರು.

"ಒಂದ್ಸಲ ಸೀಳಿದವಳಿಗೇ ಕೊಡಿ. ಅವಳು ಇನ್ನು ಸೀಳೋದಿಲ್ಲ" ಎಂದೆ.

ಅಷ್ಟೇ ನಡೆದದ್ದು. ಅವಳ ತಪ್ಪು ನನಗೆ ಮಾರ್ಚಿನಲ್ಲೇ ತಿಳಿದಿತ್ತು, ನಿನ್ನ ಮುಖ ನೋಡಿ ಹೇಳದೆ ಉಳಿದೆ. ಆ ಸೀಳಿನಲ್ಲಿ ನನ್ನ ಪಾಲೂ ಇದೆ. ಚೌಕಟ್ಟಿಗೆ ತೇಪೆ ಕೂರಿಸಿ ಕೊಟ್ಟು ಬರುತ್ತೇನೆ. ಅವಳು ಮೊದಲ ದಿನ ನನ್ನ ಹತ್ತಿರ ಮಾತಾಡಲಿಲ್ಲ. ಎರಡನೆಯ ದಿನ "ಆ ಉಳಿ ಕೊಡಿ" ಎಂದಳು. ಇವತ್ತು ಬೈದಳು, ಅಂದರೆ ಪರವಾಗಿಲ್ಲ.

ನಿನಗೆ ನೋವಾಗಿರುತ್ತದೆ. ಅಪ್ಪನೇ ಕಾಲು ಹಿಡಿದು ಎಳೆದ ಎಂದುಕೊಂಡಿರಬಹುದು. ಕಂಡದ್ದನ್ನು ಹೇಳದಿರಲು ಆಗಲಿಲ್ಲ.

ಅಪ್ಪ


ಜುಲೈ 27

ಅಪ್ಪ,

ನಿಮ್ಮ ಕಾಗದ ಬಂತು. ಸ್ವೆಟರು, ಕೆಮ್ಮಿನ ಔಷಧಿ, ಓದುವ ಕನ್ನಡಕ ಬಸ್ಸಿನವರ ಕೈಲಿ ಕಳಿಸಿದ್ದೇನೆ. ಕನ್ನಡಕ ಸ್ನಾನದ ಮನೆಯ ಕಿಟಕಿಯಲ್ಲಿತ್ತು.

ಕೆಲಸ ಹೋದದ್ದಕ್ಕೆ ಬೇಸರವಿಲ್ಲ ಎಂದರೆ ಸುಳ್ಳು. ಆದರೆ ನೋವು ಅದಕ್ಕಲ್ಲ. ಅಡುಗೆಮನೆ ಕಪಾಟಿನ ಕೆಲಸ ಕೈತುಂಬ ಇದೆ. ಜೀವನದಲ್ಲಿ ಒಂದನ್ನಾದರೂ ಬೇರೆ ಥರದ್ದು ಮಾಡೋಣವೆಂದು ಮಿಂಬರಿಗೆ ಕೈ ಹಾಕಿದ್ದೆ.

ನಾನು ನಿಮ್ಮನ್ನು ಕೇಳಲಿಲ್ಲ ನಿಜ. ಆ ಮಿಂಬರಿನ ನಕ್ಷೆ ಜನವರಿಯಿಂದ ನಮ್ಮ ಊಟದ ಮೇಜಿನ ಮೇಲೆಯೇ ಇತ್ತು. ನಿಮ್ಮ ಕಣ್ಣಿಗೆ ಬೀಳಲಿ ಎಂದೇ ಅಲ್ಲಿ ಇಟ್ಟದ್ದು. ನೀವು ದಿನಾ ಅದರ ಮೇಲೆ ಚಹಾ ಲೋಟ ಇಟ್ಟಿರಿ. ಅಂಟು ಹಾಕಿದರೆ ಬಿರಿಯುತ್ತದೆ ಎಂದು ಊರವರ ಮುಂದೆ ಹೇಳಿದ ಆ ಒಂದು ಮಾತನ್ನು ಮೇಜಿನ ಈಚೆ ಕಡೆ ಕೂತಿದ್ದ ನನಗೆ ಹೇಳಬಹುದಿತ್ತು. ಅವಳು ತಪ್ಪು ಮಾಡಿದರೆ ಅವಳಿಗೆ ಕಲಿಸಿದವರು ಓಡಿ ಹೋಗಿ ಜೊತೆಗೆ ಕೂರುತ್ತಾರೆ. ನನ್ನ ತಪ್ಪು ಏನೆಂದು ನನಗೆ ಬೇರೆ ಊರಿನಿಂದ ಅಂಚೆಯಲ್ಲಿ ಬಂತು.

ಔಷಧಿ ದಿನಕ್ಕೆ ಎರಡು ಸಲ.

ನಿಮ್ಮ ಮಗ


ಜುಲೈ 31

ಮಗನೇ,

ನಿನ್ನ ಕಾಗದ ಓದಿದೆ. ಲೋಟ ಇಟ್ಟದ್ದು ನಿಜ. ಕೆಳಗಿದ್ದದ್ದು ಏನೆಂದು ಗೊತ್ತಿದ್ದೇ ಇಟ್ಟೆ. ನೋಡಿದರೆ ಮಾತಾಡಬೇಕಾಗುತ್ತದೆ ಎಂದು ಮುಚ್ಚಿದೆ. ನೀನು ಎಳೆದ ನಕ್ಷೆ ಚೆನ್ನಾಗಿತ್ತು, ಮುಕ್ಕೋನದ ಚೂಪಿನಲ್ಲಿ ನೀನು ಗೆರೆ ತಿರುಗಿಸಿದ ರೀತಿ ನನಗೆ ಹೊಳೆಯುತ್ತಿರಲಿಲ್ಲ. ಅದನ್ನೂ ಹೇಳಲಿಲ್ಲ. ತಪ್ಪನ್ನು ಹೇಳದವನಿಗೆ ಒಳ್ಳೆಯದನ್ನು ಹೇಳಲೂ ಬಾಯಿ ಬರಲಿಲ್ಲ, ನೋಡು.

ಚೌಕಟ್ಟು ಇನ್ನೂ ಮುಗಿದಿಲ್ಲ. ನಿನ್ನ ಕಾಗದವನ್ನು ಅವಳಿಗೆ ತೋರಿಸಲಿಲ್ಲ, ಅದು ನಮ್ಮಿಬ್ಬರದು. ಆದರೆ ನನ್ನ ಮುಖ ನೋಡಿ ಏನು ತಿಳಿಯಿತೋ, "ಹೋಗಿ ಬನ್ನಿ ಮಾವ, ಉಳಿದಿದ್ದು ನಾನು ಮಾಡ್ಕೋತೀನಿ" ಎಂದಳು. ಮಾಡುತ್ತಾಳೆ.

ಶನಿವಾರ ಮೊದಲ ಬಸ್ಸಿಗೆ ಬರುತ್ತೇನೆ. ಆ ನಕ್ಷೆಯನ್ನು ಎಸೆದಿದ್ದರೆ ಇನ್ನೊಂದು ಎಳೆದಿಡು. ಎಸೆಯದಿದ್ದರೆ ಮೇಜಿನ ಮೇಲೆ ಹಾಸಿಡು, ತಿಂಡಿ ಆಮೇಲೆ ತಿನ್ನೋಣ. ಮೊದಲ ಗೆರೆಯಿಂದ ಶುರು ಮಾಡೋಣ. ಎಲ್ಲಿ ತಪ್ಪಿದೆಯೋ ಅಲ್ಲಿ ನಿನ್ನ ಮುಖ ನೋಡಿಯೇ ಹೇಳುತ್ತೇನೆ.

ಅಪ್ಪ